ಸರಪಳಿ ಎಳೆದವರ ಕಚೇರಿ

ಹಳೆಯ ತಾಲ್ಲೂಕು ಕಚೇರಿ ಯಾವುದೇ ಇರಲಿ, ಅದರ ಹಿಂಬದಿಯಲ್ಲಿ ಒಂದು ಕೋಣೆಯಿರುತ್ತದೆ. ಕಿಟಕಿ ಚಿಕ್ಕದು, ಗೋಡೆ ದಪ್ಪ; ನೆಲದಿಂದ ಸೂರಿನವರೆಗೆ ಅಟ್ಟಣೆಗಳು, ಅವುಗಳ ಮೇಲೆ ಬಟ್ಟೆಯಲ್ಲಿ ಬಿಗಿದು ಕಟ್ಟಿದ ಗಂಟುಗಳು. ಆ ಗಂಟುಗಳಿಗೆ ರುಮಾಲು ಎಂದು ಹೆಸರು. ಮದುವೆಯ ಮನೆಯಲ್ಲಿ ತಲೆಗೆ ಸುತ್ತಿಕೊಳ್ಳುವ ರುಮಾಲಿಗೂ ಇದಕ್ಕೂ ಬಟ್ಟೆಯ ಸಂಬಂಧವೇ ಹೊರತು ಸಂಭ್ರಮದ ಸಂಬಂಧವೇನೂ ಇಲ್ಲ. 1974ರಲ್ಲಿ ನಾನು ಮೋಜಣಿದಾರನಾಗಿ ಕೆಲಸಕ್ಕೆ ಸೇರಿದ ಮೊದಲ ವಾರ, ಆ ಕೋಣೆಯನ್ನು ಕಾಯುತ್ತಿದ್ದ ವೃದ್ಧರೊಬ್ಬರು ಒಂದು ರುಮಾಲನ್ನು ಬಿಚ್ಚಿ, ಒಳಗಿನ ಹಾಳೆಯೊಂದನ್ನು ನನ್ನ ಮುಂದಿಟ್ಟು, "ಕೈ ಒದ್ದೆಯಿದ್ದರೆ ಮುಟ್ಟಬೇಡಿ ಸ್ವಾಮಿ, ಇದಕ್ಕೆ ನಿಮ್ಮ ಮುತ್ತಾತನ ವಯಸ್ಸು" ಎಂದರು.

ಅದು ಮೂಲ ಸರ್ವೆಯ ಟಿಪ್ಪಣಿ. ಒಂದು ಹೊಲದ ಚಿತ್ರ. ಚಿತ್ರವೆಂದರೆ ಅಳತೆಗೆ ತಕ್ಕಂತೆ ಬರೆದದ್ದಲ್ಲ. ಬಿಸಿಲಿನಲ್ಲಿ ನಿಂತು, ಮೊಣಕಾಲಿನ ಮೇಲೆ ಹಲಗೆಯಿಟ್ಟುಕೊಂಡು ಕೈಬರಹದಲ್ಲಿ ಗೀಚಿದ್ದು. ಉದ್ದವಾದ ಹೊಲ ಅಲ್ಲಿ ಗಿಡ್ಡವಾಗಿ ಕಾಣಬಹುದು, ಸೊಟ್ಟಗಿರುವುದು ನೆಟ್ಟಗೆ ಕಾಣಬಹುದು. ನಡುವೆ ಒಂದು ಮೂಲರೇಖೆ, ಅದರಿಂದ ಮೂಲೆಮೂಲೆಗೆ ಎಳೆದ ಲಂಬಗಳು, ಪ್ರತಿಯೊಂದು ಗೆರೆಯ ಬದಿಯಲ್ಲಿಯೂ ಇಷ್ಟು ಸರಪಳಿ, ಇಷ್ಟು ಆಣೆ ಎಂಬ ಕನ್ನಡದ ಅಂಕಿ. ಗೆರೆಯನ್ನು ನಂಬಬಾರದು, ಅಂಕಿಯನ್ನು ನಂಬಬೇಕು ಎಂಬುದು ನಮಗೆ ಕಲಿಸಿದ ಮೊದಲ ಪಾಠ. ಈ ಮಾತನ್ನು ತಾವು ನೆನಪಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ; ಮುಂದೆ ಅದು ನನ್ನ ಮೇಲೆಯೇ ಬರುತ್ತದೆ.

ನೆಲವನ್ನು ಅಳೆಯುವುದು ನಮ್ಮಲ್ಲಿ ಇಂಗ್ಲಿಷರಿಂದ ಆರಂಭವಾದದ್ದಲ್ಲ. ನಮ್ಮ ದಾನಶಾಸನಗಳನ್ನು ಓದಿದವರಿಗೆ ಮತ್ತರು, ಕಮ್ಮ, ಗಳೆ ಎಂಬ ಮಾತುಗಳು ಪರಿಚಿತ. ಗಳೆಯೆಂದರೆ ಅಳತೆಯ ಕೋಲು. ಬಳ್ಳಿಗಾವೆಯ ಕಡೆಯ ಶಾಸನಗಳಲ್ಲಿ ಭೇರುಂಡನ ಹೆಸರಿನ ಗಳೆಯೇ ಇತ್ತು. ಆದರೆ ಒಂದು ಸೀಮೆಯ ಗಳೆ ಇನ್ನೊಂದು ಸೀಮೆಗೆ ಸಲ್ಲುತ್ತಿರಲಿಲ್ಲ. ಗದ್ದೆಯನ್ನು ಕೋಲಿನಿಂದ ಅಳೆಯದೆ ಬೀಜದಿಂದ ಅಳೆಯುವುದೂ ಇತ್ತು: ಒಂದು ಖಂಡುಗ ಬೀಜ ಹಿಡಿಸುವ ನೆಲವೇ ಒಂದು ಖಂಡುಗ ಗದ್ದೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ತನ್ನ ರಾಜ್ಯದ ಭೂಮಿಗೆ ಕಂದಾಯ ಗೊತ್ತುಮಾಡಿದ. ಜನ ಅದನ್ನು ಶಿಸ್ತು ಎಂದೇ ಕರೆದರು. ಊರೂರಿನಲ್ಲಿಯೂ ಒಂದೊಂದು ಬಗೆಯ ನೆಲವನ್ನು ಸರ್ಕಾರದ ಖರ್ಚಿನಲ್ಲಿಯೇ ವರ್ಷವರ್ಷವೂ ಸಾಗುಮಾಡಿಸಿ, ಬಿತ್ತಿದ ಬೀಜ, ಬಿದ್ದ ಖರ್ಚು, ಬಂದ ಫಸಲು ಇವುಗಳ ಲೆಕ್ಕವಿಟ್ಟು, ಅನಂತರ ದರ ಕಟ್ಟಿದನೆಂದು ಹೇಳುತ್ತಾರೆ. ನನ್ನ ವೃತ್ತಿಯ ಅಭಿಮಾನದಿಂದ ಹೇಳುತ್ತೇನೆ, ಇದಕ್ಕಿಂತ ಪ್ರಾಮಾಣಿಕವಾದ ವಿಧಾನವನ್ನು ಆಮೇಲೆ ಬಂದವರು ಯಾರೂ ಕಂಡುಹಿಡಿಯಲಿಲ್ಲ. ಅವರಿಗೆ ಅಷ್ಟು ಪುರಸತ್ತೂ ಇರಲಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಬಿದ್ದಿತು. ಆ ಯುದ್ಧಕ್ಕೆ ಬಂದಿದ್ದ ಸೈನ್ಯದಲ್ಲಿ ನೆಲದ ಹುಚ್ಚಿನವರು ಇಬ್ಬರಿದ್ದರು. ಒಬ್ಬ ವಿಲಿಯಂ ಲ್ಯಾಂಬ್ಟನ್. ಈತ ಮರುವರ್ಷವೇ ಬೆಂಗಳೂರಿನ ಬಳಿ ಏಳು ಮೈಲಿಗೂ ಮಿಕ್ಕ ಒಂದು ನೇರ ರೇಖೆಯನ್ನು ನೂರಡಿಯ ಉಕ್ಕಿನ ಸರಪಳಿಯಿಂದ ಅಳೆಸಿದ. ಚೀನಾದ ಚಕ್ರವರ್ತಿಗೆಂದು ಕಾಣಿಕೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಹಿಂದಿರುಗಿದ ಸರಪಳಿ ಅದು. 1802ರಲ್ಲಿ ಮದರಾಸಿನಲ್ಲಿ ಮತ್ತೊಂದು ರೇಖೆಯಾಯಿತು. ಅಲ್ಲಿಂದ ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಆ ಮಹಾ ಮೋಜಣಿ ಹಿಮಾಲಯದವರೆಗೂ ಹೋಯಿತು. ಇನ್ನೊಬ್ಬ ಕಾಲಿನ್ ಮೆಕೆಂಜಿ. ಮೈಸೂರು ರಾಜ್ಯದ ನಕ್ಷೆ ತಯಾರಿಸಲು ನೇಮಕಗೊಂಡ ಈತ ನಕ್ಷೆಯ ಜೊತೆಗೆ ಊರೂರಿನ ಕೈಫಿಯತ್ತುಗಳನ್ನೂ ಶಾಸನಗಳ ಪ್ರತಿಗಳನ್ನೂ ಕೂಡಿಹಾಕಿಸಿದ. ಮಲೆಯೂರಿನ ಜೈನ ಪಂಡಿತ ಧರ್ಮಯ್ಯ, ಕಾವಲಿ ಮನೆತನದ ಸೋದರರು ಮೊದಲಾದವರು ಅವನಿಗಾಗಿ ಓದಿ, ಬರೆದು, ಅರ್ಥ ಹೇಳಿದರು. 1815ರಲ್ಲಿ ಮೆಕೆಂಜಿ ಇಡೀ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ನಮ್ಮ ಇತಿಹಾಸಕಾರರು ಇಂದಿಗೂ ಅವನ ಸಂಗ್ರಹದ ಋಣದಲ್ಲಿದ್ದಾರೆ.

ಆದರೆ ಇವರಿಬ್ಬರೂ ನಮ್ಮ ಕಚೇರಿಯವರಲ್ಲ. ಲ್ಯಾಂಬ್ಟನ್ನನಿಗೆ ಬೇಕಾಗಿದ್ದುದು ಭೂಗೋಳದ ಆಕಾರ, ಮೆಕೆಂಜಿಗೆ ಬೇಕಾಗಿದ್ದುದು ರಾಜ್ಯದ ಆಕಾರ. ಒಬ್ಬ ಒಕ್ಕಲಿನವನ ಹೊಲದ ಬದು ಎಲ್ಲಿ ಮುಗಿಯುತ್ತದೆ, ಪಕ್ಕದವನದು ಎಲ್ಲಿ ಮೊದಲಾಗುತ್ತದೆ ಎಂಬುದು ಇವರ ಕಣ್ಣಿಗೆ ಬೀಳುವ ಸಂಗತಿಯಲ್ಲ. ಅದು ಕಣ್ಣಿಗೆ ಬಿದ್ದದ್ದು ಕಂದಾಯದವರಿಗೆ.

ಆ ಕಥೆ ಮುಂಬಯಿ ಪ್ರಾಂತ್ಯದಲ್ಲಿ, ಒಂದು ಸೋಲಿನಿಂದ ಆರಂಭವಾಗುತ್ತದೆ. 1820ರ ದಶಕದಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪುಣೆಯ ಸೀಮೆಯನ್ನು ಅಳೆಸಿದ. ವಿಲಾಯತಿಯ ಅರ್ಥಶಾಸ್ತ್ರವನ್ನು ಚೆನ್ನಾಗಿ ಓದಿಕೊಂಡವನು. ಬೆಳೆಯ ಬೆಲೆಯಲ್ಲಿ ಖರ್ಚು ಕಳೆದು ಉಳಿದದ್ದೇ ನಿವ್ವಳ ಆದಾಯ, ಅದರಲ್ಲಿ ಗೊತ್ತಾದ ಭಾಗ ಸರ್ಕಾರಕ್ಕೆ ಎಂಬ ಲೆಕ್ಕ ಕಾಗದದ ಮೇಲೆ ನಿರ್ದೋಷವಾಗಿತ್ತು. ಹೊಲದ ಮೇಲೆ ಮಾತ್ರ ಅಳತೆ ತಪ್ಪಿತ್ತು, ಕೆಳಗಿನವರು ಲಂಚ ತಿಂದಿದ್ದರು, ದರ ಹೊರಲಾರದಷ್ಟಾಗಿತ್ತು. ರೈತರು ನೇಗಿಲನ್ನೆತ್ತಿಕೊಂಡು ಊರು ಬಿಟ್ಟರು. 1835ರಿಂದಾಚೆಗೆ ಇಂದಾಪುರ ತಾಲ್ಲೂಕಿನಲ್ಲಿ ಗೋಲ್ಡ್‌ಸ್ಮಿಡ್ ಎಂಬ ಅಧಿಕಾರಿಯೂ ವಿಂಗೇಟ್ ಎಂಬ ತರುಣ ಸೇನಾಧಿಕಾರಿಯೂ ಇದನ್ನೆಲ್ಲ ಬದಿಗಿಟ್ಟು ಹೊಸದಾಗಿ ಮೊದಲಿಟ್ಟರು. ಫಸಲಿನ ಲೆಕ್ಕ ಹಾಕಲು ಹೋಗಬಾರದು. ಒಂದು ನೆಲ ಇನ್ನೊಂದು ನೆಲಕ್ಕಿಂತ ಎಷ್ಟು ಮೇಲು, ಎಷ್ಟು ಕೀಳು ಎಂಬುದನ್ನಷ್ಟೇ ನೋಡಬೇಕು. ಒಮ್ಮೆ ಕಟ್ಟಿದ ದರ ಮೂವತ್ತು ವರ್ಷ ಅಲುಗಬಾರದು. ಇಷ್ಟೇ ಅವರ ಸೂತ್ರ. ಒಂದು ಜೊತೆ ಎತ್ತು ಉಳಬಲ್ಲಷ್ಟು ನೆಲಕ್ಕೆ ಒಂದು ನಂಬರು. 1847ರಲ್ಲಿ ಡೇವಿಡ್‌ಸನ್ನನೂ ಸೇರಿ ಮೂವರು ಬರೆದ ಜಂಟಿ ವರದಿಯೇ ಮುಂದೆ ನಮಗೆಲ್ಲ ವೇದವಾಯಿತು. ಧಾರವಾಡ, ಬೆಳಗಾವಿಗಳ ಕಡೆ ಈ ಪದ್ಧತಿ ಮೊದಲೇ ಕಾಲಿಟ್ಟಿತ್ತು. ಬೌರಿಂಗ್ ಮೈಸೂರಿನ ಕಮಿಷನರಾಗಿದ್ದಾಗ, 1863ರಲ್ಲಿ, ಅದೇ ಮಾದರಿಯ ಸರ್ವೆ ಮತ್ತು ಸೆಟಲ್‌ಮೆಂಟ್ ಇಲಾಖೆ ಇಲ್ಲಿಯೂ ಹುಟ್ಟಿತು. ಉತ್ತರದ ಚಿತ್ರದುರ್ಗದ ಸೀಮೆಯಿಂದ ಹೊರಟ ಸರಪಳಿ ರಾಜ್ಯವನ್ನೆಲ್ಲ ಸುತ್ತಿ ಬರುವಷ್ಟರಲ್ಲಿ ಶತಮಾನವೇ ಮುಗಿಯುತ್ತ ಬಂದಿತ್ತು.

ಆ ಸರಪಳಿಯ ಉದ್ದ 33 ಅಡಿ. ಅದರಲ್ಲಿ ಹದಿನಾರು ಭಾಗ. ಒಂದೊಂದು ಭಾಗವೂ ಒಂದು ಆಣೆ. ರೂಪಾಯಿಗೆ ಹದಿನಾರಾಣೆಯಿದ್ದ ನಾಡಿನಲ್ಲಿ ಇದನ್ನು ಯಾರಿಗೂ ವಿವರಿಸಬೇಕಾಗಿರಲಿಲ್ಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲವಾದರೆ ಅದು ಒಂದು ಗುಂಟೆ. ನಲವತ್ತು ಗುಂಟೆಗೆ ಒಂದು ಎಕರೆ. ಮಣ್ಣಿಗೂ ಆಣೆಯೇ. ಅಳತೆಯವರು ಹೋದ ಮೇಲೆ ಪ್ರತಿಬಂದಿಯವರು ಹಾರೆ ಹಿಡಿದು ಬರುತ್ತಿದ್ದರು. ಹೊಲವನ್ನು ಭಾಗಗಳಾಗಿ ಮಾಡಿಕೊಂಡು ಒಂದೊಂದು ಭಾಗದಲ್ಲಿಯೂ ಗುಂಡಿ ತೆಗೆದು ನೋಡುವರು. ಒಂದೂಮುಕ್ಕಾಲು ಮೊಳದ ಆಳಕ್ಕೂ ನಯವಾದ ಕಪ್ಪು ಮಣ್ಣೇ ಸಿಕ್ಕಿದರೆ ಅದು ಮೊದಲನೆಯ ದರ್ಜೆ, ಹದಿನಾರಾಣೆ. ಅಲ್ಲಿಂದ ಇಳಿಯುತ್ತ ಒಂಬತ್ತನೆಯ ದರ್ಜೆಗೆ ಬಂದರೆ ಎರಡಾಣೆ. ಇದರ ಮೇಲೆ ದೋಷಗಳು: ಸುಣ್ಣದ ಹರಳು ಸೇರಿದ್ದರೆ ಒಂದು, ಮರಳು ಸೇರಿದ್ದರೆ ಒಂದು, ಇಳಿಜಾರಾದರೆ ಒಂದು, ನೀರು ಹೀರದಿದ್ದರೆ ಒಂದು, ಹರಿಯುವ ನೀರು ಮಣ್ಣನ್ನು ಕೊಚ್ಚಿಕೊಂಡು ಹೋಗುವಂತಿದ್ದರೆ ಒಂದು, ನೀರು ನಿಂತು ಜೌಗಾದರೂ ಒಂದು. ಒಂದೊಂದು ದೋಷಕ್ಕೂ ಒಂದೊಂದು ಚಿಹ್ನೆ, ಒಂದೊಂದು ದರ್ಜೆ ಇಳಿತ. ಹಳೆಯ ಪ್ರತಿಬಂದಿ ಪುಸ್ತಕಗಳಲ್ಲಿ ಈ ಚಿಹ್ನೆಗಳು ಸಾಲಾಗಿ ಕುಳಿತಿರುವುದನ್ನು ನೋಡಿದಾಗಲೆಲ್ಲ ನನಗೆ ಜಾತಕದ ಕುಂಡಲಿ ನೆನಪಾಗುತ್ತಿತ್ತು. ವ್ಯತ್ಯಾಸವಿಷ್ಟೆ: ಜೋಯಿಸರು ಗುಂಡಿ ತೆಗೆದು ನೋಡುವುದಿಲ್ಲ.

ಇಷ್ಟು ಶ್ರದ್ಧೆಯಿಂದ ಮಣ್ಣನ್ನು ಓದಿದ ಕಚೇರಿ ಮನುಷ್ಯರನ್ನು ಹೇಗೆ ಓದಿತು ಎಂಬುದು ಅದರ ಶಬ್ದಕೋಶದಿಂದ ತಿಳಿಯುತ್ತದೆ. ಸಾಹಿತ್ಯಾಸಕ್ತರಾದ ತಮ್ಮೆದುರಿಗೆ ಈ ಮಾತುಗಳ ವಿಚಾರವಾಗಿ ಸ್ವಲ್ಪ ಹೆಚ್ಚು ಹೊತ್ತು ನಿಂತರೆ ತಪ್ಪಾಗಲಾರದು. ಪಹಣಿ ಎಂದರೆ ಮರಾಠಿಯಲ್ಲಿ ನೋಡುವುದು. ಕಣ್ಣಾರೆ ನೋಡಿ ಬರೆದದ್ದು ಎಂಬ ಅರ್ಥ ಇಂದು ಆ ಕಾಗದವನ್ನು ಹಿಡಿದು ಬ್ಯಾಂಕಿನ ಮುಂದೆ ನಿಂತವರಿಗೆ ಹೊಳೆಯುವುದಿಲ್ಲ. ಹದ್ದುಬಸ್ತು ಎಂಬುದರಲ್ಲಿ ಅರಬ್ಬಿಯ ಎಲ್ಲೆಯೂ ಪಾರಸಿಯ ಕಟ್ಟೂ ಒಟ್ಟಿಗೆ ಸೇರಿವೆ. ಎಲ್ಲೆ ಕಟ್ಟಿಕೊಡುವುದು ಎಂದೇ ಅದರ ಅರ್ಥ. ಪೋಡಿ ಎಂದರೆ ಒಡೆಯುವುದು. ಅಣ್ಣತಮ್ಮಂದಿರು ಬೇರೆಯಾದರೆ ಹೊಲದ ನಂಬರು ಒಡೆಯುತ್ತದೆ, ಹಿಸ್ಸೆಗಳಾಗುತ್ತವೆ.

ಖರಾಬು ಎಂಬ ಮಾತಿದೆ. ಸಾಗುವಳಿಗೆ ಬಾರದ ನೆಲ. ಅದರಲ್ಲಿ ಎರಡು ಬಗೆ. ಬಂಡೆ ಮೊದಲಾದವು ಇದ್ದು ಬೇಸಾಯಕ್ಕೆ ಒದಗದ್ದು 'ಅ' ಖರಾಬು. ಕಾಲುದಾರಿ, ಹಳ್ಳ, ಕಟ್ಟೆ, ಸ್ಮಶಾನ, ಅಂದರೆ ಊರಿನವರೆಲ್ಲರಿಗೂ ಬೇಕಾದದ್ದು 'ಬ' ಖರಾಬು. ಮಕ್ಕಳು ಶಾಲೆಗೆ ನಡೆದುಹೋಗುವ ದಾರಿಯೂ ಹಿರಿಯರು ಮಲಗಿರುವ ಜಾಗವೂ ಕಾಗದದಲ್ಲಿ ಕೆಟ್ಟ ನೆಲ. ಏಕೆಂದರೆ ಅವು ಕಂದಾಯ ಕೊಡುವುದಿಲ್ಲ. ಇದನ್ನು ಬರಿಯ ಮಾತಿನ ಚಮತ್ಕಾರವೆಂದು ತಿಳಿಯಬಾರದು. ಖರಾಬು ಎಂದು ಬರೆದಿದೆಯಲ್ಲ, ಖರಾಬನ್ನು ಉತ್ತರೆ ಯಾರಿಗೆ ನಷ್ಟ ಎಂದು ನನ್ನೊಡನೆಯೇ ವಾದಿಸಿದವರಿದ್ದಾರೆ. ನನ್ನ ಸೇವೆಯ ಕಾಲದಲ್ಲಿ ನಕಾಶೆಯ ಮೇಲೆ ಚುಕ್ಕಿಸಾಲಾಗಿ ಮಾತ್ರ ಉಳಿದುಕೊಂಡ ದಾರಿಗಳನ್ನೂ ಹಳ್ಳಗಳನ್ನೂ ಎಷ್ಟು ಕಂಡಿದ್ದೇನೋ ಲೆಕ್ಕವಿಟ್ಟಿಲ್ಲ.

ಇನ್ನೊಂದು ಮಾತು ಬೇಚರಾಕ್. ನಕಾಶೆಯಲ್ಲಿ ಎಲ್ಲೆಯಿದೆ, ನಂಬರುಗಳಿವೆ, ಹೆಸರಿದೆ, ವಾಸಕ್ಕೆ ಜನವಿಲ್ಲ. ಅಂಥ ಗ್ರಾಮ ಬೇಚರಾಕ್ ಗ್ರಾಮ. ಬೇ ಚಿರಾಗ್, ದೀಪವಿಲ್ಲದ ಊರು. ಮೈಸೂರಿನ ಸರ್ವೆ ನಡೆಯುತ್ತಿದ್ದಾಗಲೇ, 1876ರಿಂದ 1878ರವರೆಗೆ, ಧಾತು ಈಶ್ವರ ಸಂವತ್ಸರಗಳ ಬರ ಬಂದಿತು. 1871ರ ಜನಗಣತಿಯಲ್ಲಿ ಐವತ್ತು ಲಕ್ಷವನ್ನು ದಾಟಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷವನ್ನು ಮುಟ್ಟಲಿಲ್ಲ. ಬೇಚರಾಕ್ ಗ್ರಾಮಗಳೆಲ್ಲ ಬರದಿಂದಲೇ ಆದವಲ್ಲ. ಯುದ್ಧ, ಪ್ಲೇಗು, ವಲಸೆ ಎಲ್ಲವೂ ಇವೆ. ಆದರೂ ಮೂರು ಕಡೆ ಮುಳ್ಳುಪೊದೆ, ನಡುವೆ ಒಂದು ಒರಳುಕಲ್ಲು, ಬಾಗಿಲಿಲ್ಲದ ಮಾರಿಗುಡಿ ಇಷ್ಟೇ ಉಳಿದ ಒಂದು ಗ್ರಾಮಠಾಣಾದಲ್ಲಿ ನಿಂತು ಕಾಗದದ ಮೇಲೆ ಆ ಮಾತನ್ನು ಓದಿದ ದಿನ, ಯಾವನೋ ಗುಮಾಸ್ತ ಅರಿಯದೆ ಒಂದು ಕವಿತೆಯನ್ನು ಬರೆದಿಟ್ಟಿದ್ದಾನೆ ಎನಿಸಿತ್ತು.

1956ರ ಏಕೀಕರಣದ ವಿಷಯವನ್ನು ಬೇಗ ಹೇಳಿಬಿಡುತ್ತೇನೆ. ಐದು ಆಡಳಿತಗಳ ನೆಲ ಒಂದಾದಾಗ ಐದು ಬಗೆಯ ಕಾಗದಗಳೂ ಒಂದು ಸೂರಿನ ಕೆಳಗೆ ಬಂದವು. ಮದರಾಸಿನಿಂದ ಬಂದವರು ಸೆಂಟಿನಲ್ಲಿ ಎಣಿಸುತ್ತಿದ್ದರು, ನಾವು ಗುಂಟೆಯಲ್ಲಿ. ಕೊಡಗಿನದು ಬೇರೆಯೇ ಲೋಕ. ಮುಂಬಯಿ ಕರ್ನಾಟಕದ ಹಳೆಯ ಕಾಗದಗಳಲ್ಲಿ ಮೋಡಿ ಅಕ್ಷರ. ಅದನ್ನು ಓದಬಲ್ಲವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದರು. 1964ರ ಭೂಕಂದಾಯ ಅಧಿನಿಯಮ ಎಲ್ಲಕ್ಕೂ ಒಂದೇ ಹೊದಿಕೆಯನ್ನು ಹೊದಿಸಿತು. ಆ ಅಧಿನಿಯಮದಲ್ಲಿ ಹಕ್ಕು ದಾಖಲೆಯ ನಮೂದುಗಳನ್ನು ಕುರಿತು ಒಂದು ಮಾತಿದೆ: ವಿರುದ್ಧವಾದದ್ದು ರುಜುವಾತಾಗುವವರೆಗೆ ಅವು ನಿಜವೆಂದು ಭಾವಿಸತಕ್ಕದ್ದು. ಕೇವಲ ಭಾವಿಸತಕ್ಕದ್ದು. ನಮ್ಮ ಕಚೇರಿ ಹುಟ್ಟಿದ್ದು ಕಂದಾಯ ಯಾರಿಂದ ಬರಬೇಕೆಂದು ತಿಳಿಯುವುದಕ್ಕೆ, ನೆಲ ಯಾರದೆಂದು ತೀರ್ಮಾನಿಸುವುದಕ್ಕಲ್ಲ. ಆದರೆ ಹಳ್ಳಿಯಲ್ಲಿ ಈ ಸೂಕ್ಷ್ಮವನ್ನು ಕೇಳುವವರು ಯಾರು? ಸರ್ಕಾರದ ಬಾಂದುಕಲ್ಲು ಬಿದ್ದರೆ ಅದೇ ದೇವರ ಮಾತು.

ನಾನು ಸೇರಿದ ವರ್ಷ ಮಾರ್ಚಿ ಒಂದರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದಿತ್ತು. ಗೇಣಿದಾರರು ಏಳನೆಯ ನಮೂನೆಯ ಅರ್ಜಿಗಳನ್ನು ಹಿಡಿದು ನ್ಯಾಯಮಂಡಲಿಗಳ ಮುಂದೆ ಸಾಲುಗಟ್ಟಿದ್ದರು. ಅಳತೆಯ ಕೆಲಸ ನಮ್ಮ ಕೈಗೆ ಮೀರಿ ಬಂದಿತ್ತು; ಉಳಿದ ಅರ್ಜಿಗಳನ್ನು ಎರಡು ಊಟದ ನಡುವೆ ಮುಗಿಸುವ ಅಭ್ಯಾಸವಾಗಿತ್ತು. ಇದು ಸಮಜಾಯಿಷಿಯಲ್ಲ, ಸಂದರ್ಭ.

ಒಂದು ಊರಿನಲ್ಲಿ ಅಣ್ಣತಮ್ಮಂದಿರ ಹದ್ದುಬಸ್ತಿನ ಅರ್ಜಿ. ಹೆಚ್ಚುಕಡಿಮೆ ಆಯತಾಕಾರದ ಹೊಲ, ತೆಂಕಣಿಂದ ಬಡಗಣಕ್ಕೆ ಆರು ಸರಪಳಿ. ಪಡುವಣ ಹಿಸ್ಸೆ ತಮ್ಮನದು, ಮೂಡಣದು ಅಣ್ಣನದು. ನಡುವಣ ಬದು ಉತ್ತು ಉತ್ತು ಸವೆದುಹೋಗಿತ್ತು. ಅವರ ತಂದೆಯ ಕಾಲದ ಹಿಸ್ಸೆ ಟಿಪ್ಪಣಿಯನ್ನು ತೆಗೆಸಿ ನೋಡಿದೆ. ಪಡುವಣ ಕಲ್ಲಿನಿಂದ ನಡುವಣ ಗೆರೆಗೆ ದೂರ ೭ ಸರಪಳಿ ೩ ಆಣೆ. ಅಳೆದೆ, ಕಲ್ಲು ನೆಡಿಸಿದೆ. ಅಲ್ಲಿದ್ದ ಒಂದು ತೋಡುಬಾವಿ ಕಲ್ಲಿನಿಂದ ಮೂಡಣಕ್ಕೆ, ಅಂದರೆ ಅಣ್ಣನ ಪಾಲಿಗೆ ಬಿದ್ದಿತು. ತಮ್ಮ ಬಾವಿಯ ಕಟ್ಟೆಯ ಮೇಲೆ ಕೈಯಿಟ್ಟು, "ಸ್ವಾಮಿ, ಇದು ನಮ್ಮಪ್ಪ ನನ್ನ ಪಾಲಿಗೆ ಅಂತ ಬಿಟ್ಟ ಬಾವಿ. ಇನ್ನೊಂದ್ಸಲ ನೋಡಿ" ಎಂದ. ಕಾಗದ ಹೀಗೆ ಹೇಳುತ್ತದಪ್ಪ ಎಂದೆ. ಅವನು ಮತ್ತೆ ಮಾತಾಡಲಿಲ್ಲ. ಅಣ್ಣನೂ ಮಾತಾಡಲಿಲ್ಲ. ಸಂಜೆಯ ಬಸ್ಸಿಗೆ ಹೊತ್ತಾಗಿತ್ತು.

ಹನ್ನೊಂದು ವರ್ಷಗಳ ಮೇಲೆ ತಪಾಸಣೆಗೆಂದು ಅದೇ ಕೋಣೆಗೆ ಹೋಗಿದ್ದೆ. ಬೇರಾವುದೋ ನಂಬರಿಗಾಗಿ ಬಿಚ್ಚಿಸಿದ ರುಮಾಲಿನಲ್ಲಿ ಆ ಹಾಳೆ ಕೈಗೆ ಬಂದಿತು. ಮಡಿಕೆಯಲ್ಲಿ ಸೀಳು ಬಿಡುವಂತಿತ್ತು ಎಂದು ಕಿಟಕಿಯ ಬೆಳಕಿಗೆ ಹಿಡಿದೆ. ಮಡಿಕೆಯ ಮೇಲೆ, ೩ರ ಹಿಂದೆ, ಹುಳು ತಿಂದು ಬಿಟ್ಟ ಒಂದು ಅಂಕಿಯ ಅರ್ಧ ಸುರುಳಿಯಿತ್ತು. ಅದು ೧. ದೂರ ೭ ಸರಪಳಿ ೧೩ ಆಣೆ. ಹತ್ತು ಆಣೆಯೆಂದರೆ ಇಪ್ಪತ್ತಡಿಗೂ ಮಿಕ್ಕು; ಆರು ಸರಪಳಿ ಉದ್ದಕ್ಕೆ ಮೂರೂಮುಕ್ಕಾಲು ಗುಂಟೆ. ಬಾವಿ ಆ ಇಪ್ಪತ್ತಡಿಯೊಳಗಿತ್ತು. ಅದೇ ಹಾಳೆಯ ಕೆಳಗೆ ತಮ್ಮನ ಹಿಸ್ಸೆಯ ಕ್ಷೇತ್ರ ಸ್ಪಷ್ಟವಾಗಿ ಬರೆದಿತ್ತು: ಒಂದು ಎಕರೆ, ಆರು ಗುಂಟೆ, ಹದಿನಾಲ್ಕು ಆಣೆ. ನಾನು ಅಳೆದುಕೊಟ್ಟದ್ದು ಒಂದು ಎಕರೆ, ಮೂರು ಗುಂಟೆ, ಎರಡಾಣೆ. ಅಂದು ಗುಣಿಸಿ ನೋಡಿದ್ದರೆ ಅಲ್ಲಿಯೇ ತಿಳಿಯುತ್ತಿತ್ತು. ಗೆರೆಯನ್ನು ನಂಬಬೇಡ, ಅಂಕಿಯನ್ನು ನಂಬು ಎಂದು ಕಲಿಸಿದವರು ಒಂದು ಅಂಕಿಯನ್ನು ಇನ್ನೊಂದು ಅಂಕಿಯಿಂದ ತಾಳೆ ನೋಡೆಂದೂ ಕಲಿಸಿದ್ದರು.

ಮೇಲಧಿಕಾರಿಗೆ ವರದಿ ಬರೆದೆ. ನೊಂದವರು ಅರ್ಜಿ ಕೊಡದೆ ಮುಗಿದ ಕಡತವನ್ನು ತೆರೆಯಲು ಬರುವುದಿಲ್ಲ ಎಂದು ಉತ್ತರ ಬಂದಿತು. ಒಂದು ಭಾನುವಾರ ನಾನೇ ಊರಿಗೆ ಹೋದೆ. ತಮ್ಮ ತೀರಿಕೊಂಡು ಮೂರು ವರ್ಷವಾಗಿತ್ತು. ಅವನ ಮಗ ಮಳೆ ನಂಬಿದ ಬೇಸಾಯ ಸಾಲದೆ ಪೇಟೆಯಲ್ಲಿ ಅಕ್ಕಿ ಗಿರಣಿಯಲ್ಲಿದ್ದ. ಅಣ್ಣ ಜಗಲಿಯ ಮೇಲಿದ್ದವನು ಗುರುತು ಹಿಡಿದು, ಚಾಪೆ ಹಾಸಿಸಿ, ಬೆಲ್ಲ ನೀರು ತರಿಸಿದ. ನೀರು ಆ ಬಾವಿಯದೇ. ನನ್ನ ತಪ್ಪನ್ನು ಹೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಬಾವಿ ಅವನದೇ ಅಂತ ನಂಗೆ ಅವತ್ತೇ ಗೊತ್ತಿತ್ತು ಸ್ವಾಮಿ. ಸರ್ಕಾರದ ಕಲ್ಲೇ ಹಂಗೆ ಬಿತ್ತಲ್ಲ, ಆಸೆ ಆಯ್ತು" ಎಂದ. ಆಮೇಲೆ, "ಅವನು ಸಾಯೋವರ್ಗೂ ಈ ಬಾವಿ ನೀರು ಮುಟ್ಲಿಲ್ಲ" ಎಂದ.

ಅರ್ಜಿ ಬಂದದ್ದು ಅಣ್ಣನಿಂದಲೇ. ತಮ್ಮನ ಮಗನೂ ಹೆಬ್ಬೆಟ್ಟಲ್ಲ, ಸಹಿ ಹಾಕಿದ. ಅಳತೆಗೆ ಬೇರೆ ಮೋಜಣಿದಾರನನ್ನು ಕಳಿಸಿದರು. ನಾನು ದೂರದಲ್ಲಿ ಹೊಂಗೆಯ ಮರದಡಿ ನಿಂತಿದ್ದೆ. ಕಲ್ಲನ್ನು ಕಿತ್ತು ಹತ್ತು ಆಣೆ ಮೂಡಣಕ್ಕೆ ನೆಟ್ಟರು. ತಿದ್ದುಪಡಿಯ ಆದೇಶದ ಸಂಖ್ಯೆ, ತಾರೀಖುಗಳನ್ನು ಅಪ್ಪಣೆ ಪಡೆದು ಟಿಪ್ಪಣಿಯ ಅಂಚಿನಲ್ಲಿ ಷರಾ ಬರೆದವನು ಮಾತ್ರ ನಾನು.

ಈಗ ಕಚೇರಿಗೆ ಭೂಮಾಪನ, ಕಂದಾಯ ವ್ಯವಸ್ಥೆ ಮತ್ತು ಭೂದಾಖಲೆಗಳ ಇಲಾಖೆ ಎಂದು ಉದ್ದನೆಯ ಹೆಸರು. ಕೈಬರಹದ ಪಹಣಿ ಹೋಗಿ 2000ದ ಸುಮಾರಿಗೆ ಭೂಮಿ ಯೋಜನೆಯ ಕಂಪ್ಯೂಟರು ಬಂದಿತು. ಸುಮಾರು ಎರಡು ಕೋಟಿ ಪಹಣಿಗಳು ಅದರೊಳಗೆ ಸೇರಿದವು. 2020ರಿಂದ ಗ್ರಾಮಠಾಣಾಗಳ ಮೇಲೆ ಡ್ರೋನುಗಳು ಹಾರಿ ಮನೆಮನೆಯ ಎಲ್ಲೆಯನ್ನು ಅಳೆಯುತ್ತಿವೆ. ಶ್ಯಾನುಭೋಗಿಕೆ 1960ರ ದಶಕದಲ್ಲಿಯೇ ರದ್ದಾಗಿತ್ತು; ಸರಪಳಿಯೂ ಈಗ ಗಾಜಿನ ಪೆಟ್ಟಿಗೆಗೆ ತಕ್ಕ ವಸ್ತುವಾಗಿದೆ. ಇದಕ್ಕೆ ಹಳಹಳಿಸುವವನು ನಾನಲ್ಲ. ಸರಪಳಿ ಎಳೆದ ಕೈಗಳಲ್ಲಿ ಎಂಥೆಂಥ ಕೈಗಳಿದ್ದವೆಂಬುದು ನನಗೆ ಗೊತ್ತು.

ಹಳೆಯ ಟಿಪ್ಪಣಿಗಳನ್ನೂ ಸ್ಕ್ಯಾನ್ ಮಾಡಿ ಇಡುತ್ತಿದ್ದಾರೆ. ಕಳೆದ ವರ್ಷ ಆ ತಾಲ್ಲೂಕಿಗೆ ಹೋಗಿದ್ದಾಗ, ಹೊಸದಾಗಿ ಸೇರಿದ ಹುಡುಗಿಯೊಬ್ಬಳು ನನ್ನ ಕೋರಿಕೆಯ ಮೇಲೆ ಆ ಹಾಳೆಯನ್ನು ಪರದೆಯ ಮೇಲೆ ತೆರೆದು ತೋರಿಸಿದಳು. ಮಡಿಕೆ ಒಂದು ಕಪ್ಪು ಗೆರೆಯಾಗಿ ಬಂದಿದೆ. ಎಷ್ಟು ದೊಡ್ಡದು ಮಾಡಿದರೂ ೧ ಕಾಣಲಿಲ್ಲ. ೭-೩ ಎಂದೇ ಕಾಣುತ್ತದೆ. ಅಂಚಿನಲ್ಲಿರುವ ಷರಾ ಮಾತ್ರ ಓದಲು ಬರುತ್ತದೆ. "ಇದು ಯಾರ ಕೈಬರಹವೋ ಸರ್, ಸ್ವಲ್ಪ ನಡುಗಿದೆ" ಎಂದಳು.